ಯುದ್ಧದ ಸಿನಿಮಾ ನೋಡಿ ಹೇಗೆ ನಗ್ತೀಯಾ ಅಂತ ಕೇಳುವವರಿಗೆ

ನಮ್ಮ ಮನೆಗೆ ಬಂದು ಎರಡು ದಿನ ಉಳಿದವರಿಗೆಲ್ಲ ನಾನು ಈ ಸಿನಿಮಾ ತೋರಿಸಿಯೇ ಕಳಿಸುವುದು. ಹೆಸರು ‘ಟು ಬಿ ಆರ್ ನಾಟ್ ಟು ಬಿ’. 1942ರದ್ದು, ಕಪ್ಪು ಬಿಳುಪು, ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ. ಹಿಟ್ಲರ್ ಪೋಲೆಂಡನ್ನು ನುಂಗಿದ ಸಮಯದ ಕಥೆ. ಗೂಢಚಾರ ಇದ್ದಾನೆ, ನಾಝಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೊ ಇದೆ, ಭೂಗತ ಹೋರಾಟಗಾರರು ಇದ್ದಾರೆ. ಆದರೆ ಕಾಮಿಡಿ. ನೋಡಿ ಮುಗಿಸಿದ ಮೇಲೆ, ಕೆಲವರು ಅರ್ಧದಲ್ಲೇ, ಕೇಳುವುದು ಒಂದೇ ಪ್ರಶ್ನೆ. ಅಷ್ಟು ಜನ ಸತ್ತ ವಿಷಯ ಇದು, ನಿನಗೆ ನಗು ಹೇಗೆ ಬರುತ್ತೆ ಮಾರಾಯ್ತಿ?

ಇಷ್ಟು ದಿನ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಈ ಸಲ ಕೂತು ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಎಂಟ್ಹತ್ತು ವರ್ಷ ಹವ್ಯಾಸಿ ನಾಟಕಗಳಲ್ಲಿ ಪರದೆ ಹಿಂದೆ ಓಡಾಡಿದವಳು. ಗಡ್ಡ ಅಂಟಿಸಿದ್ದೇನೆ, ಕಿರೀಟ ಹೊಲಿದಿದ್ದೇನೆ, ‘ನನ್ನ ಡೈಲಾಗಿಗೆ ಇವತ್ತು ಯಾಕೆ ಚಪ್ಪಾಳೆ ಬೀಳಲಿಲ್ಲ’ ಅಂತ ಮುಖ ಊದಿಸಿಕೊಂಡ ರಾಜಕುಮಾರರಿಗೆ ಟೀ ಕೊಟ್ಟು ಸಮಾಧಾನ ಮಾಡಿದ್ದೇನೆ. ಹಾಗಾಗಿ ಈ ಸಿನಿಮಾ ನನಗೆ ಯುದ್ಧದ ಸಿನಿಮಾ ಅನ್ನುವುದಕ್ಕಿಂತ ಮೊದಲು ನಾಟಕದವರ ಸಿನಿಮಾ.

ಕಥೆ ಶುರುವಾಗುವುದು 1939ರ ಆಗಸ್ಟ್‌ನಲ್ಲಿ, ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿ. ಅಲ್ಲೊಂದು ನಾಟಕ ಕಂಪನಿ. ನಾಝಿಗಳನ್ನು ಗೇಲಿ ಮಾಡುವ ನಾಟಕದ ತಾಲೀಮು ನಡೆಯುತ್ತಿದೆ. ಹಿಟ್ಲರ್ ಪಾತ್ರ ಬ್ರಾನ್ಸ್ಕಿ ಅನ್ನುವ ಸಣ್ಣ ನಟನದ್ದು. ಉಳಿದವರೆಲ್ಲ ‘ಹೈಲ್ ಹಿಟ್ಲರ್’ ಅಂತ ಕೈಯೆತ್ತಿದರೆ ಇವನು ‘ನನಗೇ ಹೈಲ್’ ಅನ್ನುತ್ತಾನೆ. ಸ್ಕ್ರಿಪ್ಟಿನಲ್ಲಿ ಆ ಮಾತೇ ಇಲ್ಲ, ಒಂದು ನಗು ಗಿಟ್ಟಿಸೋಣ ಅಂತ ಸೇರಿಸಿಕೊಂಡದ್ದು. ನಿರ್ದೇಶಕರಿಗೆ ಇವನ ವೇಷವೇ ಒಪ್ಪಿಗೆಯಾಗುವುದಿಲ್ಲ. ಇವನಿಗೆ ರೇಗಿ ಅದೇ ವೇಷದಲ್ಲಿ ಬೀದಿಗೆ ಇಳಿಯುತ್ತಾನೆ. ಜನ ಬೆಚ್ಚಿಬಿದ್ದು ನೋಡುತ್ತಾರೆ. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಒಂದು ಪುಟ್ಟ ಹುಡುಗಿ ಮುಂದೆ ಬಂದು, ಬ್ರಾನ್ಸ್ಕಿ ಅವರೇ, ಆಟೋಗ್ರಾಫ್ ಕೊಡ್ತೀರಾ ಅಂತ ಕೇಳುತ್ತಾಳೆ.

ಹಿಟ್ಲರಿಗೆ ಬೇಜಾರಾಗಬಾರದು ಅಂತ ಸರ್ಕಾರವೇ ಆ ನಾಟಕ ನಿಲ್ಲಿಸುತ್ತದೆ. ಅದರ ಬದಲು ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’. ಸಿನಿಮಾದ ಹೆಸರು ಬಂದದ್ದು ಆ ನಾಟಕದ ಪ್ರಸಿದ್ಧ ಸ್ವಗತದಿಂದ. ಕಂಪನಿಯ ದೊಡ್ಡ ನಟ ಜೋಸೆಫ್ ಟುರಾ ವೇದಿಕೆಗೆ ಬಂದು ‘ಟು ಬಿ ಆರ್ ನಾಟ್ ಟು ಬಿ’ ಅಂತ ಬಾಯಿ ತೆರೆದ ತಕ್ಷಣ, ಮುಂದಿನ ಸಾಲುಗಳಿಂದ ಒಬ್ಬ ಯುವ ಪೈಲಟ್ ಎದ್ದು, ಪಕ್ಕದವರ ಕಾಲು ತುಳಿಯುತ್ತಾ ಹೊರಗೆ ಹೋಗುತ್ತಾನೆ. ಟುರಾ ಕಣ್ಣು ಅವನ ಮೇಲೆ. ಅವನು ಹೋಗುವುದು ಗ್ರೀನ್ ರೂಮಿಗೆ, ಟುರಾನ ಹೆಂಡತಿ ಮರಿಯಾಳನ್ನು ನೋಡಲು. ಆ ಮಾತು ಶುರುವಾದಾಗ ಬಾ, ಗಂಡ ವೇದಿಕೆ ಮೇಲೆ ಇರುತ್ತಾನೆ ಅಂತ ಆಕೆಯೇ ಹೇಳಿ ಕಳಿಸಿರುತ್ತಾಳೆ. ಟುರಾಗೆ ಇದು ಗೊತ್ತಿಲ್ಲ. ಅವನ ಸಂಕಟವೇ ಬೇರೆ. ನನ್ನ ನಟನೆ ಬಿಟ್ಟು ಎದ್ದು ಹೋದನಲ್ಲ!

ಅಷ್ಟರಲ್ಲಿ ಯುದ್ಧ ಬರುತ್ತದೆ. ಪೈಲಟ್ ಇಂಗ್ಲೆಂಡ್ ಸೇರುತ್ತಾನೆ. ಅಲ್ಲಿ ಸಿಲೆಟ್ಸ್ಕಿ ಅನ್ನುವ ಪ್ರೊಫೆಸರ್, ನಾನು ಗುಟ್ಟಾಗಿ ವಾರ್ಸಾಗೆ ಹೊರಟಿದ್ದೇನೆ ಅಂತ ಪೋಲಿಷ್ ಹುಡುಗರ ಹತ್ತಿರ ಬಾಯಿ ಬಿಡುತ್ತಾನೆ. ಅವರು ನಂಬಿ ತಮ್ಮ ಮನೆಯವರ ವಿಳಾಸಗಳನ್ನೆಲ್ಲ ಕೊಡುತ್ತಾರೆ. ಪೈಲಟ್ ಮಾತ್ರ ಮರಿಯಾ ಟುರಾಗೆ ಒಂದು ಸಂದೇಶ ಕೊಡಿ ಅನ್ನುತ್ತಾನೆ, ಪ್ರೊಫೆಸರ್‌ಗೆ ಆಕೆ ಯಾರು ಅಂತಲೇ ಗೊತ್ತಿರುವುದಿಲ್ಲ. ವಾರ್ಸಾದವನು ಅಂತೀಯ, ಮರಿಯಾ ಟುರಾ ಗೊತ್ತಿಲ್ವಾ? ಗೂಢಚಾರ ಸಿಕ್ಕಿಬೀಳುವುದು ಹೀಗೆ. ಆ ವಿಳಾಸಗಳು ಗೆಸ್ಟಾಪೊ ಕೈ ಸೇರದ ಹಾಗೆ ನೋಡಿಕೊಳ್ಳುವ ಕೆಲಸ ನಾಟಕದವರ ತಲೆಗೆ ಬರುತ್ತದೆ. ನಿಂತುಹೋದ ನಾಟಕದ ಸಮವಸ್ತ್ರ, ಸ್ವಸ್ತಿಕದ ಬಾವುಟ, ಮೇಜು ಕುರ್ಚಿ ಎಲ್ಲ ಹೊರಗೆ ಬರುತ್ತವೆ. ಥಿಯೇಟರೇ ಗೆಸ್ಟಾಪೊ ಆಫೀಸು.

ಈಗ ಪ್ರಶ್ನೆಗೆ ಬರುತ್ತೇನೆ. ನಾನು ನಗುವುದು ಯಾರನ್ನು ನೋಡಿ?

ಟುರಾ ಮೊದಲು ಗೆಸ್ಟಾಪೊ ಕರ್ನಲ್ ಎರ್‌ಹಾರ್ಟ್ ವೇಷದಲ್ಲಿ ಪ್ರೊಫೆಸರನ ಮುಂದೆ ಕೂರುತ್ತಾನೆ. ಮಾತು ಖಾಲಿಯಾಗುತ್ತದೆ. ಲಂಡನ್ನಿನಲ್ಲಿ ನಿಮ್ಮನ್ನು ಕಾನ್ಸಂಟ್ರೇಷನ್ ಕ್ಯಾಂಪ್ (ನಾಝಿಗಳು ಜನರನ್ನು ಕೂಡಿಹಾಕುತ್ತಿದ್ದ ಶಿಬಿರ) ಎರ್‌ಹಾರ್ಟ್ ಅನ್ನುತ್ತಾರೆ ಅಂತ ಪ್ರೊಫೆಸರ್ ಹೇಳಿದ್ದೇ ತಡ, ಹೊಟ್ಟೆ ಕುಣಿಸಿ ನಗುತ್ತಾ ‘ಓ, ನನ್ನನ್ನು ಕಾನ್ಸಂಟ್ರೇಷನ್ ಕ್ಯಾಂಪ್ ಎರ್‌ಹಾರ್ಟ್ ಅನ್ನುತ್ತಾರಾ’ ಅಂತ ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತಾನೆ. ಡೈಲಾಗ್ ಮರೆತ ನಟ ಮಾಡುವುದೇ ಇದು, ನಾನು ನೋಡಿದ್ದೇನೆ. ಪ್ರೊಫೆಸರ್ ಸತ್ತ ಮೇಲೆ ಅದೇ ಟುರಾ ಅವನ ವೇಷ ಹಾಕಿ ನಿಜವಾದ ಎರ್‌ಹಾರ್ಟ್ ಮುಂದೆ ಹೋಗಬೇಕಾಗುತ್ತದೆ. ಅದೇ ಅಡ್ಡಹೆಸರು ಹೇಳುತ್ತಾನೆ. ನಿಜವಾದ ಕರ್ನಲ್ ಕೂಡ ಹೊಟ್ಟೆ ಕುಣಿಸಿ ನಗುತ್ತಾನೆ, ಅದೇ ಮಾತು, ಅದೇ ರಾಗ. ಹೀಗೇ ಅನ್ನುತ್ತೀರಿ ಅಂತ ನನಗೆ ಗೊತ್ತಿತ್ತು ಅನ್ನುತ್ತಾನೆ ಟುರಾ. ನಕಲಿ ಎಷ್ಟು ಕಳಪೆಯೋ ಅಸಲಿಯೂ ಅಷ್ಟೇ ಕಳಪೆ.

ಇಲ್ಲೇ ಆ ಕುಖ್ಯಾತ ಜೋಕ್ ಇದೆ. ಜೀವ ಕೈಯಲ್ಲಿ ಹಿಡಿದು ಕೂತಿದ್ದರೂ ಟುರಾಗೆ ಜಂಬ ತಡೆಯುವುದಕ್ಕೆ ಆಗುವುದಿಲ್ಲ. ಮರಿಯಾಳ ಗಂಡ, ಆ ಮಹಾನ್ ನಟ ಜೋಸೆಫ್ ಟುರಾ, ಕೇಳಿರಬೇಕಲ್ಲ ಅಂತ ಕೆದಕುತ್ತಾನೆ. ನೋಡಿದ್ದೇನೆ ಬಿಡಿ ಅನ್ನುತ್ತಾನೆ ಕರ್ನಲ್, ಅವನು ಶೇಕ್ಸ್‌ಪಿಯರನಿಗೆ ಮಾಡಿದ್ದನ್ನೇ ನಾವೀಗ ಪೋಲೆಂಡಿಗೆ ಮಾಡುತ್ತಿದ್ದೇವೆ. 1942ರಲ್ಲಿ ಈ ಒಂದು ಸಾಲಿಗೆ ನಿರ್ದೇಶಕ ಅರ್ನ್ಸ್ಟ್ ಲುಬಿಚ್ ತಿಂದ ಬೈಗುಳ ಅಷ್ಟಿಷ್ಟಲ್ಲ. ತೆಗೆದುಹಾಕು ಅಂತ ಹತ್ತಿರದವರೇ ಹೇಳಿದರು, ಅವನು ತೆಗೆಯಲಿಲ್ಲ. ನನಗೆ ಈಗಲೂ ಆ ಸಾಲಿಗೆ ನಗು ಬಂದು ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಯಾಕೆಂದರೆ ಮೊದಲು ನಗುವುದು ಹೊಗಳಿಕೆಗೆ ಕೈಚಾಚಿ ಏಟು ತಿಂದ ನಟನನ್ನು ನೋಡಿ, ಒಂದು ಕ್ಷಣ ಬಿಟ್ಟು ಹೊಳೆಯುವುದು ಆ ಕರ್ನಲ್ ಒಂದು ದೇಶದ ಬಗ್ಗೆ ಎಷ್ಟು ಹಗುರವಾಗಿ ಮಾತಾಡಿದ ಅನ್ನುವುದು. ಲುಬಿಚ್ ಪತ್ರಿಕೆಗೆ ಬರೆದ ಉತ್ತರವೂ ಹೆಚ್ಚುಕಡಿಮೆ ಇದೇ. ನನ್ನ ನಾಝಿಗಳು ಚಾಟಿ ಹಿಡಿದು ಹಲ್ಲು ಕಡಿಯುವವರಲ್ಲ, ಆ ಹಂತ ದಾಟಿದವರು, ಹೊಡೆಯುವುದು ಬಡಿಯುವುದು ಅವರಿಗೆ ದಿನನಿತ್ಯದ ಕೆಲಸ, ಅಂಗಡಿಯವನು ಕೈಚೀಲ ಮಾರುವ ಬಗ್ಗೆ ಮಾತಾಡಿದ ಹಾಗೆ ಅದರ ಬಗ್ಗೆ ಮಾತಾಡುತ್ತಾರೆ ಅಂತ.

ಲುಬಿಚ್ ಹೊರಗೆ ನಿಂತು ಚೇಷ್ಟೆ ಮಾಡಿದವನಲ್ಲ, ಇದನ್ನೂ ಹೇಳಬೇಕು. ಬರ್ಲಿನ್ನಿನ ಯಹೂದಿ ದರ್ಜಿಯ ಮಗ. ಅಲ್ಲಿನ ಮ್ಯಾಕ್ಸ್ ರೈನ್‌ಹಾರ್ಟ್ ರಂಗತಂಡದಲ್ಲಿ ಚಿಕ್ಕಪುಟ್ಟ ಪಾತ್ರ ಮಾಡುತ್ತಾ ಬೆಳೆದವನು. 1922ರಲ್ಲಿ ಅಮೆರಿಕಕ್ಕೆ ಹೋದ, 1935ರಲ್ಲಿ ನಾಝಿ ಸರ್ಕಾರ ಅವನ ಜರ್ಮನ್ ಪೌರತ್ವವನ್ನೇ ಕಿತ್ತುಕೊಂಡಿತು. ಟುರಾ ಪಾತ್ರದ ಜ್ಯಾಕ್ ಬೆನ್ನಿಯ ಹುಟ್ಟುಹೆಸರು ಬೆಂಜಮಿನ್ ಕುಬೆಲ್ಸ್ಕಿ, ಅವನೂ ಯಹೂದಿ. ಮಗ ನಾಝಿ ಸಮವಸ್ತ್ರದಲ್ಲಿ ಪರದೆ ಮೇಲೆ ಬಂದದ್ದು ನೋಡಿ ಅವನ ಅಪ್ಪ ಥಿಯೇಟರಿನಿಂದ ಎದ್ದೇ ಹೋದರಂತೆ. ಆಮೇಲೆ ಮಗ ಕರೆದು ಸಮಾಧಾನ ಮಾಡಿ ಪೂರ್ತಿ ತೋರಿಸಿದ ಮೇಲೆ ಮತ್ತೆ ಮತ್ತೆ ಹೋಗಿ ನೋಡಿದರು. ಈ ಪ್ರಶ್ನೆಯನ್ನು ಮೊದಲು ಕೇಳಿದವರಲ್ಲಿ ಅವರೂ ಒಬ್ಬರು ಅನ್ನಿ.

ಮರಿಯಾ ಆಗಿ ಕ್ಯಾರೊಲ್ ಲೊಂಬಾರ್ಡ್. ಯುದ್ಧನಿಧಿಗೆ ಬಾಂಡ್ ಮಾರಲು ಹೋಗಿ ವಾಪಸ್ ಬರುವಾಗ, 1942ರ ಜನವರಿ 16ರಂದು, ಆಕೆಯಿದ್ದ ವಿಮಾನ ಲಾಸ್ ವೇಗಸ್ ಹತ್ತಿರದ ಬೆಟ್ಟಕ್ಕೆ ಬಡಿಯಿತು. ವಯಸ್ಸು 33. ಸಿನಿಮಾ ಇನ್ನೂ ಬಿಡುಗಡೆಯಾಗಿರಲಿಲ್ಲ. ವಿಮಾನದಲ್ಲಿ ಏನು ತಾನೇ ಆಗುತ್ತೆ ಅನ್ನುವ ಅವಳ ಒಂದು ಮಾತಿತ್ತು, ಅದನ್ನು ಕತ್ತರಿಸಿದರು.

ಎಲ್ಲವೂ ಚೆನ್ನಾಗಿದೆ ಅಂತ ಅಲ್ಲ. ಪೈಲಟ್ ಹುಡುಗ ಸ್ವಲ್ಪ ಸಪ್ಪೆ. ಆದರೆ ಗಡ್ಡದ ದೃಶ್ಯ ಒಂದಕ್ಕೇ ನಾನು ಎಲ್ಲವನ್ನೂ ಮಾಫಿ ಮಾಡುತ್ತೇನೆ. ಅಸಲಿ ಪ್ರೊಫೆಸರನ ಹೆಣ ಗೆಸ್ಟಾಪೊಗೆ ಸಿಕ್ಕಿದೆ. ನಕಲಿ ಗಡ್ಡದ ಟುರಾನನ್ನು ಆ ಹೆಣದ ಜೊತೆ ಒಂದು ಕೋಣೆಯಲ್ಲಿ ಬಿಡುತ್ತಾರೆ, ತಾನಾಗೇ ಒಪ್ಪಿಕೊಳ್ಳಲಿ ಅಂತ. ಟುರಾ ಜೇಬಿನಲ್ಲಿ ಇನ್ನೊಂದು ಗಡ್ಡ ಇದೆ. ಹೆಣದ ಗಡ್ಡ ಬೋಳಿಸಿ ಆ ನಕಲಿಯನ್ನು ಅಂಟಿಸಿ, ಬೇಕಾದರೆ ಎಳೆದು ನೋಡಿ ಅನ್ನುತ್ತಾನೆ. ಕರ್ನಲ್ ಎಳೆಯುತ್ತಾನೆ, ಗಡ್ಡ ಕೈಗೆ ಬರುತ್ತದೆ. ಟುರಾ ಗೆದ್ದ ಅನ್ನುವಾಗ ಅವನ ಕಂಪನಿಯವರೇ ನಾಝಿ ವೇಷದಲ್ಲಿ ಅವನನ್ನು ಉಳಿಸಲು ನುಗ್ಗಿ, ಎಲ್ಲರ ಮುಂದೆ ಅವನ ಗಡ್ಡ ಕಿತ್ತು ಎಳೆದುಕೊಂಡು ಹೋಗುತ್ತಾರೆ. ನೀರಲ್ಲಿ ಮಾಡಿದ ಹೋಮ. ಗಡ್ಡಕ್ಕೆ ಗಮ್ ಹಚ್ಚಿ, ಒಣಗುವವರೆಗೆ ಒತ್ತಿ ಹಿಡಿದು, ಬೆವರಿಗೆ ಒಂದು ಕಡೆ ಬಿಟ್ಟುಕೊಳ್ಳುವುದನ್ನು ನೋಡಿ ಎದೆ ಧಸಕ್ ಅಂದವರಿಗೆ ಈ ದೃಶ್ಯದಲ್ಲಿ ನಗುವುದೋ ಬೆವರುವುದೋ ತಿಳಿಯುವುದಿಲ್ಲ.

ಕೊನೆ ಹೇಳುವುದಿಲ್ಲ, ನೋಡಿ. ಸಬ್‌ಟೈಟಲ್ ಹಾಕಿಕೊಳ್ಳಿ, ಮಾತು ಬಹಳ ವೇಗ. ಮತ್ತೆ ಮೊದಲ ನಿಮಿಷದಲ್ಲಿ ಫೋನ್ ನೋಡಬೇಡಿ. ಲುಬಿನ್ಸ್ಕಿ, ಕುಬಿನ್ಸ್ಕಿ, ಲೊಮಿನ್ಸ್ಕಿ ಅಂತ ಸಾಲಾಗಿ ಅಂಗಡಿ ಬೋರ್ಡುಗಳು ಬರುತ್ತವೆ, ಆ ಪ್ರಾಸ ಕೇಳಿ ಎಲ್ಲರೂ ನಗುತ್ತಾರೆ. ಬಾಂಬ್ ಬಿದ್ದ ಮೇಲೆ ಅದೇ ಬೋರ್ಡುಗಳು ಮತ್ತೊಮ್ಮೆ ಬರುತ್ತವೆ, ಮುರಿದು, ಇಟ್ಟಿಗೆ ರಾಶಿಯ ಮಧ್ಯೆ.