ಕಡಿಯದೆ ಒಳಗೆ ನೋಡುವ ಕೆಲಸ

ಗೌರಿ ಹಬ್ಬಕ್ಕೆ ಸೋಮವಾರಪೇಟೆಗೆ ಬಂದಿದ್ದೆ. ಮಾರನೇ ದಿನ ಮಳೆ ಸ್ವಲ್ಪ ಬಿಟ್ಟಿತು. ಅಪ್ಪ ಕಾಫಿ ಗಿಡದ ಕಾಂಡ ಕೊರೆಯೋ ಬೋರರ್ ಹುಳ ಹುಡುಕೋಕೆ ತೋಟಕ್ಕೆ ಹೊರಟರು, ನಾನೂ ಚಿಕ್ಕಪ್ಪನೂ ಹಿಂದೆ. ಅಕ್ಟೋಬರಿನಲ್ಲಿ ಅದು ದುಂಬಿಯಾಗಿ ಹೊರಗೆ ಹಾರುವ ಮೊದಲೇ ಹುಳ ಬಿದ್ದ ಅರೇಬಿಕಾ ಗಿಡ ಕಿತ್ತು ಸುಡಬೇಕು.

ಅಪ್ಪ ಒಂದು ಕಾಂಡವನ್ನು ಹೆಬ್ಬೆರಳಲ್ಲಿ ಸವರಿದರು. ಉಬ್ಬು ಸಿಕ್ಕಿತು. ಕತ್ತಿಯಲ್ಲಿ ಸೀಳಿದರೆ ಒಳಗೆ ಪುಡಿ ತುಂಬಿದ ಕೊರೆತ, ಅದರ ಕೊನೆಗೆ ಬಿಳಿ ಹುಳ. ಪಕ್ಕದ ಗಿಡದಲ್ಲೂ ಉಬ್ಬು ಇದ್ದ ಹಾಗಿತ್ತು. ಸೀಳಿದರು. ಏನೂ ಇಲ್ಲ! ಚೆನ್ನಾಗಿ ಕಾಯಿ ಕಟ್ಟಿದ್ದ ಗಿಡ. ಅಪ್ಪ ಮಾತಾಡದೆ ಕಾಲಿನ ಇಂಬಳ ಕೀಳುತ್ತಾ ನಿಂತರು.

"ಅಲ್ಲ ಪುಟ್ಟಿ, ಅಷ್ಟು ಓದಿ ಬೆಂಗಳೂರಲ್ಲಿ ಎಕ್ಸ್‌ರೇ ತೆಗೆಯೋ ಕೆಲಸಾನಾ?" ಚಿಕ್ಕಪ್ಪ ಕೇಳಿದರು.

ಪ್ರತಿ ಹಬ್ಬಕ್ಕೂ ಇದೇ ಪ್ರಶ್ನೆ. ಈ ಸಲ ಸೀಳಿದ ಕಾಂಡ ಕೈಲಿತ್ತು, ಹೇಳೋದು ಸುಲಭವಾಯಿತು. ನನ್ನ ಕೆಲಸ ಎಕ್ಸ್‌ರೇ ಅಲ್ಲ, ಎಂಆರ್‌ಐ: ದೊಡ್ಡ ಅಯಸ್ಕಾಂತದ ಸಹಾಯದಿಂದ, ಮೈ ಸೀಳದೆ ಒಳಗೆ ನೋಡೋ ಸ್ಕ್ಯಾನ್. ಆ ಮೆಷಿನ್ ನೇರವಾಗಿ ಚಿತ್ರ ಹಿಡಿಯೋದಿಲ್ಲ. ಮೈಯೊಳಗಿನ ನೀರಿನಲ್ಲಿರುವ ಹೈಡ್ರೋಜನ್ನಿನಿಂದ ಸಿಗ್ನಲ್ ಹಿಡಿಯುತ್ತದೆ. ಅದರಿಂದ ಲೆಕ್ಕ ಹಾಕಿ ಚಿತ್ರ ಕಟ್ಟಬೇಕು. ಅರ್ಧ ಗಂಟೆ ಅಲ್ಲಾಡಬೇಡ ಅಂದರೆ ಪುಟ್ಟ ಮಗು ಕೇಳುತ್ತಾ? ಕಡಿಮೆ ಸಿಗ್ನಲ್‌ನಲ್ಲಿ, ಬೇಗ, ಸರಿಯಾದ ಚಿತ್ರ ಕಟ್ಟೋದು ಹೇಗೆ ಅನ್ನೋದೇ ನನ್ನ ಪಿಎಚ್‌ಡಿ. ಲೆಕ್ಕ ತಪ್ಪಿದರೆ ಇಲ್ಲದ ಗಂಟು ಕಾಣಬಹುದು, ಇರೋದು ಮಾಯವಾಗಬಹುದು. ಈ ಎರಡನೇ ಗಿಡದ ಗತಿಯೇ.

"ಡಾಕ್ಟರಿಕೆ ಓದದೇನಾ?"

ಸಿಟಿ ಸ್ಕ್ಯಾನಿಗೆ 1979ರಲ್ಲಿ ವೈದ್ಯಕೀಯದ ನೊಬೆಲ್ ಪಡೆದ ಇಬ್ಬರೂ ಡಾಕ್ಟರುಗಳಲ್ಲ ಅಂದೆ. ಹೌನ್ಸ್‌ಫೀಲ್ಡ್ ಎಂಜಿನಿಯರು, ಕಾರ್ಮ್ಯಾಕ್ ಭೌತವಿಜ್ಞಾನಿ. ಚಿಕ್ಕಪ್ಪನ ಮುಖ ಸ್ವಲ್ಪ ಅರಳಿತು. ಅವರ ಮಗಳು ಎರಡನೇ ಪಿಯುಸಿ, ನೀಟ್ ಆಗದಿದ್ದರೆ ಎಲ್ಲ ಮುಗೀತು ಅಂತ ಕೂತಿದ್ದಾಳೆ. ಫಿಸಿಕ್ಸ್ ಎಂಎಸ್ಸಿ ಮಾಡಿದರೂ, ಎಲೆಕ್ಟ್ರಾನಿಕ್ಸ್ ಬಿಇ ಮಾಡಿದರೂ ಈ ಕಡೆ ಬರಬಹುದು. ಇಮೇಜಿಂಗ್ ಟೆಕ್ನಾಲಜಿ ಬಿಎಸ್ಸಿ ಇದೆ. ಮೆಡಿಕಲ್ ಫಿಸಿಕ್ಸ್ ಇದೆ. ಬೆಂಗಳೂರಲ್ಲೇ ನಿಮ್ಹಾನ್ಸ್, ಐಐಎಸ್‌ಸಿ ಇವೆ. ಮೊದಲು ಒಂದೆರಡು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ನೋಡೋದು ಒಳ್ಳೇದು. ನಾನು ಹಾಗೆ ಮಾಡಲಿಲ್ಲ, ಮೊದಲ ವರ್ಷ ಕೋಡ್ ಬರೆಯೋಕೆ ಬರದೆ ಹಾಸ್ಟೆಲ್ಲಲ್ಲಿ ಅತ್ತಿದ್ದೇ ಜಾಸ್ತಿ.

"ದುಡ್ಡು?"

ಪಿಎಚ್‌ಡಿ ಮಾಡೋವಾಗ ಸಿಗೋ ಜೆಆರ್‌ಎಫ್ ಫೆಲೋಶಿಪ್ 2023ರಿಂದ ತಿಂಗಳಿಗೆ 37,000 ರೂಪಾಯಿ ಅಂದೆ. ಒಮ್ಮೆ ಮೂರು ತಿಂಗಳದ್ದು ಬಾಕಿ ಉಳಿದಿದ್ದನ್ನು ಹೇಳಲಿಲ್ಲ. ಅಪ್ಪ ಪಕ್ಕದಲ್ಲೇ ಇದ್ದರಲ್ಲ.

ಅವರು ಮೂರನೇ ಗಿಡ ಸವರುತ್ತಿದ್ದರು. "ಇದನ್ನ ನಿನ್ನ ಮೆಷಿನ್ನಿಗೆ ಹಾಕಿದ್ರೆ ಹುಳ ಕಾಣುತ್ತೇನೇ?"

"ಕಾಣಬೇಕಪ್ಪ. ಹುಳದಲ್ಲೂ ನೀರಿರುತ್ತಲ್ಲ. ಆದ್ರೆ ಮೆಷಿನ್ ಟನ್‌ಗಟ್ಟಲೆ ತೂಕ, ಇಲ್ಲಿಗೆ ಬರಲ್ಲ. ಗಿಡಾನೇ ಕಿತ್ತು ಬೆಂಗಳೂರಿಗೆ ತರಬೇಕು."

"ಕಿತ್ತ ಮೇಲೆ ಮೆಷಿನ್ ಯಾಕೆ, ಕತ್ತಿ ಸಾಕಲ್ಲ," ಅಂದರು. ಆದರೂ ಆ ಗಿಡಕ್ಕೆ ಕತ್ತಿ ಹಾಕಲಿಲ್ಲ. ಬಾಳೆ ನಾರೊಂದನ್ನು ಗುರುತಿಗೆ ಕಟ್ಟಿ, ಮುಂದಿನ ಸಾಲಿಗೆ ಹೋದರು.