ಬೆನ್ನಿಗೆ ಮನೆ, ಮಲಗಲು ಹಿಂದಿನ ಸೀಟು

"ಎಂಜಿನಿಯರಿಂಗ್ ಓದಿಸಿದ್ದು ಲಾರಿ ಓಡಿಸಲಿಕ್ಕೇನು?" ಎಂದು ದಾವಣಗೆರೆಯಿಂದ ಅವ್ವ ಕೇಳಿದಾಗ ನಾನು ಇಂಡಿಯಾನಾದ ಎಲ್ಕಾರ್ಟ್‌ನಲ್ಲಿ, ಜಲ್ಲಿ ಹಾಸಿದ ಒಂದು ಬಯಲಿನಲ್ಲಿ ನಿಂತಿದ್ದೆ. ಸುತ್ತ ಸಾವಿರವಾದರೂ ಬಿಳಿ ಟ್ರೇಲರ್‌ಗಳು ಸಾಲುಗಟ್ಟಿದ್ದವು. ಅವುಗಳಲ್ಲಿ ಒಂದನ್ನು ನನ್ನ ಪಿಕಪ್ಪಿಗೆ ಕಟ್ಟಿಕೊಂಡು ಯೂಟಾ ರಾಜ್ಯದ ಆಗ್ಡೆನ್‌ಗೆ ಮುಟ್ಟಿಸಬೇಕಿತ್ತು. ಸುಮಾರು 1,500 ಮೈಲಿ. "ಲಾರಿ ಅಲ್ಲವ್ವಾ, ಮನೆ. ಗಾಲಿ ಇರುವ ಮನೆ" ಎಂದೆ. "ಹಾಗಾದರೆ ಮಲಗಲಿಕ್ಕೆ ತೊಂದರೆಯಿಲ್ಲ ಬಿಡು" ಎಂದಳು. ತೊಂದರೆ ಇದ್ದದ್ದೇ ಅಲ್ಲಿ. ಸಾಗಿಸುವ ಮನೆಯೊಳಗೆ ಮಲಗುವುದು ಹೋಗಲಿ, ಕೂರುವಂತೆಯೂ ಇಲ್ಲ ಎಂಬುದು ನಾನು ಸಹಿ ಹಾಕಿದ ಒಪ್ಪಂದದ ಮೊದಲ ಪುಟದಲ್ಲೇ ಇತ್ತು.

ಹತ್ತೊಂಬತ್ತು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿದವನನ್ನು ಒಂದು ಮಂಗಳವಾರ ಹದಿನೈದು ನಿಮಿಷದ ವಿಡಿಯೊ ಕರೆಯಲ್ಲಿ ಮನೆಗೆ ಕಳಿಸಿದ್ದರು. ಐವತ್ತಮೂರನೇ ವಯಸ್ಸಿನಲ್ಲಿ ಎಂಟು ತಿಂಗಳು ಅರ್ಜಿ ಹಾಕಿದ ಮೇಲೆ ನನಗೆ ನೆನಪಾದದ್ದು ಚಿಕ್ಕಂದಿನ ಪಿ.ಬಿ. ರಸ್ತೆ. ಪುಣೆ ಕಡೆಯಿಂದ ಹೊಸ ಲಾರಿಗಳ ಬರೀ ಚಾಸಿಸ್‌ಗಳು ಐದಾರರ ಗುಂಪಿನಲ್ಲಿ ನಮ್ಮೂರಿನ ಮೂಲಕ ಬೆಂಗಳೂರಿಗೆ ಹೋಗುತ್ತಿದ್ದವು. ಬಾಗಿಲಿಲ್ಲ, ಚಾವಣಿಯಿಲ್ಲ. ಹಲಗೆಯ ಸೀಟಿನ ಮೇಲೆ, ತಲೆಗೆ ಟವೆಲ್ ಸುತ್ತಿ, ಕಣ್ಣಿಗೆ ಕನ್ನಡಕ ಏರಿಸಿ, ಮಳೆಯಲ್ಲೂ ನೇರ ಕುಳಿತು ಓಡಿಸುವ ಆ ಡ್ರೈವರ್‌ಗಳು ನಮ್ಮ ಕಣ್ಣಿಗೆ ಶೂರರು. ಗಾಡಿ ಒಪ್ಪಿಸಿದ ಮೇಲೆ ಅವರು ಕಂಡ ಕಂಡ ಲಾರಿಗೆ ಕೈ ಅಡ್ಡ ಹಿಡಿದು ವಾಪಸಾಗುತ್ತಿದ್ದರು ಎನ್ನುವುದು ಆಗ ನಮಗೆ ತಲೆಗೆ ಹೋಗಿರಲಿಲ್ಲ. ಈ ಕಸುಬಿನ ಲೆಕ್ಕವೆಲ್ಲ ಇರುವುದು ಆ ವಾಪಸಾತಿಯಲ್ಲಿ. ಅಮೆರಿಕದಲ್ಲೂ ಹಾಗೆಯೇ: ಲೋಡು ಇರುವ ಮೈಲಿಗಳಿಗೆ ಮಾತ್ರ ದುಡ್ಡು. ಬರುವ ದಾರಿ ನಮ್ಮ ಖರ್ಚು.

ಇದರಲ್ಲಿ ಎರಡು ಬಗೆ. ಎಂಜಿನ್ ಇರುವ ಮೋಟರ್‌ಹೋಮನ್ನು ತಾನೇ ಓಡಿಸಿಕೊಂಡು ಹೋಗಿ, ಬಸ್ಸೋ ವಿಮಾನವೋ ಹಿಡಿದು ಹಿಂದಿರುಗುವುದು ಒಂದು. ಸ್ವಂತ ಪಿಕಪ್ಪಿನಿಂದ ಟ್ರೇಲರ್ ಎಳೆಯುವುದು ಇನ್ನೊಂದು. ನಾನು ಎರಡನೆಯದನ್ನು ಹಿಡಿದೆ. ನಾಲ್ಕು ವರ್ಷ ಹಳೆಯ ಡೀಸೆಲ್ ಪಿಕಪ್ ಸಾಲ ಮಾಡಿ ಕೊಂಡೆ. ಇಲ್ಲಿಯವರು ಈ ದರ್ಜೆಯ ಗಾಡಿಗೆ 'ಒನ್ ಟನ್' ಎನ್ನುತ್ತಾರೆ. ಆ ಹೆಸರಿಗೂ ಅದು ಹೊರುವ ತೂಕಕ್ಕೂ ಈಗ ಸಂಬಂಧ ಉಳಿದಿಲ್ಲ. ಟ್ರೇಲರಿನ ಗರಿಷ್ಠ ತೂಕ 10,000 ಪೌಂಡ್ ಮೀರದಿದ್ದರೆ ನನ್ನ ಬಗೆಯ ಪಿಕಪ್ಪಿಗೆ ಭಾರಿ ವಾಹನದ ಲೈಸೆನ್ಸ್ ಬೇಕಿಲ್ಲ. ಆದರೆ ವೈದ್ಯಕೀಯ ಕಾರ್ಡು ಬೇಕೇ ಬೇಕು. ಎರಡು ವರ್ಷದ ಕಾರ್ಡು ಸಿಗಬೇಕಾದರೆ ರಕ್ತದೊತ್ತಡ 140/90ರ ಒಳಗಿರಬೇಕು. ಒಂದು ವಾರ ಉಪ್ಪಿನಕಾಯಿ ಬಿಟ್ಟು ಹೋದೆ, 138 ಬಂತು. ಹೊರಗೆ ಬಂದವನು ಮೊದಲು ಮಾಡಿದ ಕೆಲಸ ಮೊಸರನ್ನಕ್ಕೆ ಮಾವಿನಮಿಡಿ ಹಾಕಿಕೊಂಡದ್ದು.

ಸಾಗಣೆ ಕಂಪನಿಯ ತರಬೇತಿ ಒಂದೇ ದಿನ. ಮಾದಕ ವಸ್ತು ಪರೀಕ್ಷೆಗೆ ಮೂತ್ರ ಕೊಟ್ಟು, ಬೆಂಕಿ ಆರಿಸುವ ಸಿಲಿಂಡರ್, ಮೂರು ಪ್ರತಿಫಲಕ ತ್ರಿಕೋನಗಳನ್ನು ತೋರಿಸಿ, ಪಿಕಪ್ಪಿನ ಬಾಗಿಲಿಗೆ ಅವರ ನಂಬರಿನ ಫಲಕ ಅಂಟಿಸಿಕೊಂಡರೆ ಮುಗಿಯಿತು. ನಾನು ಅವರ ನೌಕರನಲ್ಲ, ಸ್ವತಂತ್ರ ಗುತ್ತಿಗೆದಾರ. ಈ 'ಸ್ವತಂತ್ರ' ಎಂಬ ಪದದ ಬೆಲೆ ತಿಳಿಯುವುದು ತೆರಿಗೆ ಕಟ್ಟುವಾಗ: ನೌಕರನಾಗಿದ್ದಾಗ ಸಾಮಾಜಿಕ ಭದ್ರತೆ ಮತ್ತು ಮೆಡಿಕೇರ್ ಎಂಬ ಆರೋಗ್ಯ ವಿಮೆಯ ತೆರಿಗೆಯಲ್ಲಿ ಅರ್ಧ ಮಾಲೀಕ ಕಟ್ಟುತ್ತಿದ್ದ, ಈಗ ಪೂರ್ತಿ 15.3 ಶೇಕಡಾ ನನ್ನ ತಲೆಗೆ. ಟೈರು ಒಡೆದರೆ ನನ್ನದು, ಟ್ರೇಲರಿಗೆ ಗೀರು ಬಿದ್ದರೆ ನನ್ನದು, ರಜೆ ಹಾಕಿದರೂ ನನ್ನದೇ. ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಎಪ್ಪತ್ತರ ಹತ್ತಿರದ ರೈತರೊಬ್ಬರು ಹಿಂದಿನ ಸೀಟು ಕಿತ್ತು ಹಲಗೆ ಹಾಸುವುದು ಹೇಗೆಂದು ಕಾಗದದ ಮೇಲೆ ಬರೆದು ತೋರಿಸಿದರು. ಇಡೀ ದಿನದ ತರಬೇತಿಯಲ್ಲಿ ಕೊನೆಗೆ ಉಪಯೋಗಕ್ಕೆ ಬಂದದ್ದು ಅದೊಂದೇ.

ಎಲ್ಕಾರ್ಟ್ ಸೀಮೆಯ ಬಗ್ಗೆ ಎರಡು ಮಾತು. ಅಮೆರಿಕದ ಆರ್‌ವಿಗಳಲ್ಲಿ (ಮೋಟರ್‌ಹೋಮ್, ಮನೆ-ಟ್ರೇಲರ್ ಎಲ್ಲಕ್ಕೂ ಇಲ್ಲಿಯ ಹೆಸರು) ಹತ್ತಕ್ಕೆ ಎಂಟು ಈ ಒಂದು ಜಿಲ್ಲೆ ಮತ್ತು ಅದರ ಆಸುಪಾಸಿನಲ್ಲೇ ತಯಾರಾಗುತ್ತವೆ. ಎಲ್ಕಾರ್ಟ್, ಗೋಶನ್, ಮಿಡಲ್‌ಬರಿ, ನ್ಯಾಪನಿ. ಯಾವ ಊರಿಗೆ ಹೋದರೂ ಗೋದಾಮಿನಂಥ ಉದ್ದನೆಯ ಶೆಡ್ಡುಗಳು. ಆ ಶೆಡ್ಡುಗಳಲ್ಲಿ ಬಡಗಿ ಕೆಲಸಕ್ಕೆ ಆಮಿಶ್ ಎಂಬ ಕ್ರೈಸ್ತ ಪಂಥದ ಜನ ಬಹಳ. ಸ್ವಂತ ಕಾರು ಇಟ್ಟುಕೊಳ್ಳದ, ಮನೆಗೆ ವಿದ್ಯುತ್ ತಂತಿ ಎಳೆಸದ ಜನ ಬೆಳಗಿನ ಜಾವ ಸೈಕಲ್ ತುಳಿದು ಬಂದು, ಏರ್‌ಕಂಡಿಷನರ್ ಕೂರಿಸಿದ ಮೋಟರ್‌ಹೋಮ್ ಕಟ್ಟಿ ಕಳಿಸುತ್ತಾರೆ. ಮಧ್ಯಾಹ್ನಕ್ಕೆಲ್ಲ ಪಾಳಿ ಮುಗಿದು ಕುದುರೆಗಾಡಿಗಳು ರಸ್ತೆಗಿಳಿಯುತ್ತವೆ. ಪ್ರವಾಸದ ಮೋಜಿನ ಮೇಲೆ ನಿಂತ ಊರಾದ್ದರಿಂದ ದೇಶಕ್ಕೆ ನೆಗಡಿಯಾದರೆ ಇಲ್ಲಿ ಜ್ವರ. 2009ರಲ್ಲಿ ನಿರುದ್ಯೋಗ ಶೇಕಡಾ 20ರ ಹತ್ತಿರ ಹೋಗಿತ್ತು. ಕೋವಿಡ್ ಬಂದು ಎಲ್ಲರೂ ಬಯಲಿಗೆ ಓಡುವಂತಾದಾಗ, 2021ರಲ್ಲಿ, ಇಡೀ ಉದ್ಯಮದಿಂದ ಆರು ಲಕ್ಷ ಗಾಡಿಗಳು ಹೊರಬಿದ್ದವು. 2023ಕ್ಕೆ ಅದು ಸುಮಾರು ಮೂರು ಲಕ್ಷದ ಹದಿಮೂರು ಸಾವಿರಕ್ಕೆ ಇಳಿಯಿತು. ಆರು ಲಕ್ಷದ ಕಾಲದಲ್ಲಿ ಪಿಕಪ್ ಕೊಂಡವರೆಲ್ಲ ಈಗ ಲೋಡಿಗಾಗಿ ಮೊಬೈಲ್ ಪರದೆ ಉಜ್ಜುತ್ತ ಕುಳಿತಿದ್ದಾರೆ. ಅವರ ನಡುವೆ ನಾನೂ ಒಬ್ಬ. ಮೂರು ದಿನ ಕಾದ ಮೇಲೆ ಆಗ್ಡೆನ್ ಬಾಡಿಗೆ ಸಿಕ್ಕಿತು. ಮಾರ್ಚ್ ಕೊನೆಯಲ್ಲಿ ವಯೋಮಿಂಗ್ ದಾಟಲು ಹಳಬರು ಯಾರೂ ಇಷ್ಟಪಡುವುದಿಲ್ಲ, ಅದಕ್ಕೇ ಅದು ಉಳಿದಿತ್ತು ಎನ್ನುವುದು ಆಮೇಲೆ ತಿಳಿಯಿತು.

ಟ್ರೇಲರ್ ಮೂವತ್ತೆರಡು ಅಡಿ. ಕಟ್ಟುವುದಕ್ಕೆ ಮೊದಲು ಸುತ್ತ ನಡೆದು ಫೋಟೊ ತೆಗೆಯಬೇಕು. ಈಗಲೇ ಇರುವ ಗೀರನ್ನು ಬರೆಸದಿದ್ದರೆ ಆಗ್ಡೆನ್‌ನಲ್ಲಿ ಅದು ನನ್ನ ಗೀರಾಗುತ್ತದೆ. ಆಮೇಲೆ ಪಿಕಪ್ಪನ್ನು ಹಿಂದಕ್ಕೆ ಬಿಟ್ಟು, ಅದರ ಹಿಂಬದಿಯ ಕೊಂಡಿಯ ಉಕ್ಕಿನ ಗುಂಡು ಟ್ರೇಲರಿನ ಮೂತಿಯ ಕೆಳಗೆ ಸರಿಯಾಗಿ ಬರುವಂತೆ ನಿಲ್ಲಿಸಬೇಕು. ಪಕ್ಕದವನು ಒಂದೇ ಸಲಕ್ಕೆ ನಿಲ್ಲಿಸಿದ. ನಾನು ಹನ್ನೊಂದು ಸಲ ಇಳಿದು ಹತ್ತಿದೆ. ಜ್ಯಾಕು ಇಳಿಸಿ, ಕೊಂಡಿ ಮುಚ್ಚಿ, ಪಿನ್ನು ತೂರಿಸಿ, ಸರಪಣಿಗಳನ್ನು ಕತ್ತರಿಯಂತೆ ಅಡ್ಡಡ್ಡ ಹಾಕಿ (ಮೂತಿ ಕಳಚಿದರೆ ನೆಲಕ್ಕೆ ಬೀಳದೆ ಆ ಸರಪಣಿಯ ತೊಟ್ಟಿಲಲ್ಲಿ ಕೂರಲಿ ಎಂದು), ಏಳು ಪಿನ್ನಿನ ಪ್ಲಗ್ ಚುಚ್ಚಿ ದೀಪಗಳನ್ನು ನೋಡಿ, ಕೊನೆಗೆ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿದು ಪಿಕಪ್ಪಿನಿಂದ ಒಮ್ಮೆ ಜಗ್ಗಿ ನೋಡುವುದು. ಬಾಗಿಲಿಗೆ ಬೀಗ ಹಾಕುವ ಮುನ್ನ ಒಳಗೆ ತಲೆ ಹಾಕಿದೆ. ಹೊಸ ಪ್ಲೈವುಡ್, ಅಂಟಿನ ಘಾಟು. ಪ್ಲಾಸ್ಟಿಕ್ ಹೊದಿಸಿದ ದೊಡ್ಡ ಹಾಸಿಗೆ. ಬೀಗ ಹಾಕಿದೆ.

ಹೊರಟು ಐವತ್ತು ಮೈಲಿಗೆ ನಿಂತು ಗಾಲಿಯ ನಟ್ಟುಗಳನ್ನು ಮತ್ತೆ ಬಿಗಿಯಬೇಕು. ಹೊಸ ಗಾಲಿ ತಿರುಗಿ ಕೂತುಕೊಂಡಂತೆ ನಟ್ಟು ಸಡಿಲವಾಗುತ್ತದೆ. ಟೋಲ್ ರಸ್ತೆಯ ತಂಗುದಾಣದಲ್ಲಿ ಟಾರ್ಕ್ ಪಾನಾ (ಬೇಕಾದಷ್ಟು ಬಿಗಿಯಾದರೆ ಟಕ್ ಅನ್ನುವಂಥದ್ದು) ಹಾಕಿದೆ. ಇಪ್ಪತ್ತನಾಲ್ಕರಲ್ಲಿ ಎರಡು ನಟ್ಟು ಟಕ್ ಅನ್ನುವ ಮೊದಲು ಕಾಲು ಸುತ್ತು ತಿರುಗಿದವು. ಆ ಕಾಲು ಸುತ್ತು ನೋಡಿದ ಮೇಲೆ ಊಟ ಮರೆತರೂ ಪಾನಾ ಮರೆತಿಲ್ಲ.

ಗ್ಯಾರಿ ಹತ್ತಿರ ಉಕ್ಕಿನ ಕಾರ್ಖಾನೆಗಳು, ಷಿಕಾಗೋದ ತೆಂಕಣ ಅಂಚಿನ ಲಾರಿ ಜಾತ್ರೆ. ಇಲಿನಾಯ್ ಬಗ್ಗೆ ಬರೆಯಲು ನನ್ನ ಬಳಿ ಏನೂ ಇಲ್ಲ. ಕಣ್ಣು ಕನ್ನಡಿಯಲ್ಲೇ ಇತ್ತು. ಮಿಸಿಸಿಪ್ಪಿ ದಾಟಿದಾಗ ಸಂಜೆ. ಅಯೋವಾದ ವಾಲ್ಕಾಟ್‌ನಲ್ಲಿ 'ಅಯೋವಾ 80' ಎಂಬ ಟ್ರಕ್ ನಿಲ್ದಾಣವಿದೆ. ಜಗತ್ತಿನಲ್ಲೇ ದೊಡ್ಡದು ಎಂದು ಬೋರ್ಡು. ಲಾರಿ ಡ್ರೈವರ್‌ಗಳಿಗೆ ಕ್ಷೌರಿಕ, ಹಲ್ಲಿನ ವೈದ್ಯ ಎಲ್ಲ ಅಲ್ಲೇ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು ಹಲಗೆಯ ಮೇಲೆ ಕಾಲು ಮಡಚಿ ಮಲಗಿದೆ.

ಮರುದಿನ ಅದೇ ಅಯೋವಾದಲ್ಲಿ ಒಂದು ದಡ್ಡತನ ಮಾಡಿದೆ. ಹೆದ್ದಾರಿಯ ಪಕ್ಕದ ತೂಕದ ಕೇಂದ್ರದಲ್ಲಿ 'ತೆರೆದಿದೆ' ಎಂಬ ದೀಪ ಉರಿಯುತ್ತಿತ್ತು. ಇಪ್ಪತ್ತು ವರ್ಷ ಕಾರಿನಲ್ಲಿ ದಾಟಿ ಹೋದ ಅಭ್ಯಾಸ. ಈಗಲೂ ದಾಟಿಯೇ ಹೋದೆ. ಎರಡೇ ನಿಮಿಷಕ್ಕೆ ಹಿಂದೆ ಕೆಂಪು-ನೀಲಿ ದೀಪ. ಅಧಿಕಾರಿ ನನ್ನ ಬಾಗಿಲಿನ ಫಲಕವನ್ನು ಬೆರಳಿನಿಂದ ಎರಡು ಸಲ ತಟ್ಟಿ, "ಇದನ್ನು ನಾನು ಓದಿದೆ, ನೀವು ಓದಿಲ್ಲವೇ?" ಎಂದರು. ಮೊದಲ ಪ್ರಯಾಣ ಎಂದೆ. ವೈದ್ಯಕೀಯ ಕಾರ್ಡು, ಚಾಲನೆಯ ತಾಸುಗಳನ್ನು ದಾಖಲಿಸುವ ವಿದ್ಯುನ್ಮಾನ ಲಾಗ್, ಲೋಡಿನ ಕಾಗದ ಎಲ್ಲವನ್ನೂ ನೋಡಿ ಎಚ್ಚರಿಕೆ ಚೀಟಿ ಕೊಟ್ಟು ಬಿಟ್ಟರು. ಆ ಲಾಗ್ ಒಂದು ಹಟಮಾರಿ ಯಂತ್ರ. ಕೆಲಸ ಶುರುವಾದ ಗಳಿಗೆಯಿಂದ ಹದಿನಾಲ್ಕು ತಾಸು, ಅದರೊಳಗೆ ಹನ್ನೊಂದು ತಾಸು ಮಾತ್ರ ಚಾಲನೆ, ಆಮೇಲೆ ಹತ್ತು ತಾಸು ಬಿಡುವು. ಪೊಲೀಸರ ಎದುರು ನಿಂತ ನಲವತ್ತು ನಿಮಿಷವೂ ಆ ಹದಿನಾಲ್ಕರಲ್ಲೇ ಕಳೆಯಿತು.

ನೆಬ್ರಾಸ್ಕಾ ಬೇಸರದ ರಾಜ್ಯ ಎನ್ನುವವರು ಅಲ್ಲಿಗೆ ಮಾರ್ಚ್‌ನಲ್ಲಿ ಹೋಗಿರುವುದಿಲ್ಲ. ಕಿಯರ್ನಿ ಹತ್ತಿರ ಪ್ಲ್ಯಾಟ್ ನದಿ ಆಳವಿಲ್ಲದೆ, ಮರಳಿನ ದಿಬ್ಬಗಳ ನಡುವೆ ಹೆಣೆದುಕೊಂಡು ಹರಿಯುತ್ತದೆ. ಉತ್ತರಕ್ಕೆ ಹೋಗುವ ಬೂದು ಕ್ರೌಂಚಗಳು ವರ್ಷವರ್ಷವೂ ಲಕ್ಷಗಟ್ಟಲೆ ಇಲ್ಲಿಳಿದು, ಹಗಲು ಕೊಯ್ದ ಮೆಕ್ಕೆಜೋಳದ ಹೊಲಗಳಲ್ಲಿ ಕಾಳು ಆಯ್ದು, ರಾತ್ರಿ ನದಿಯಲ್ಲಿ ನಿಂತೇ ನಿದ್ದೆ ಮಾಡುತ್ತವೆ. ಇಂಧನ ಹಾಕಿಸಿ ಕೆಳಗಿಳಿದಾಗ ಮೊದಲು ಕೇಳಿದ್ದು ಸದ್ದು: ದೂರದ ಜಾತ್ರೆಯಲ್ಲಿ ಸಾವಿರ ಜನ ಒಟ್ಟಿಗೆ ಗಿಲಕಿ ಆಡಿಸಿದಂತೆ. ತಲೆಯೆತ್ತಿದರೆ ಸಾಲಿನ ಮೇಲೆ ಸಾಲು, ಕಾಲುಗಳನ್ನು ಹಿಂದಕ್ಕೆ ಚಾಚಿಕೊಂಡು, ಎಲ್ಲವೂ ನದಿಯತ್ತ. ಹೆಂಡತಿಗೆ ಫೋನಿನಲ್ಲೇ ಆ ಸದ್ದು ಕೇಳಿಸಿದೆ. "ರೀ, ಯಾವುದೋ ಬೆಲ್ಟು ಹರಿದ ಹಾಗಿದೆಯಲ್ಲ, ಬಾನೆಟ್ ತೆಗೆದು ನೋಡಿ" ಎಂದಳು.

ವಯೋಮಿಂಗ್‌ನ ಶಾಯೆನ್ ದಾಟಿದ ಮೇಲೆ ರಸ್ತೆ ಏರುತ್ತ 8,640 ಅಡಿಯ ಶರ್ಮನ್ ನೆತ್ತಿಗೆ ಹೋಗುತ್ತದೆ. ನಾನು ಹಿಡಿದಿದ್ದ ಐ-80 ಹೆದ್ದಾರಿಗೆ ಅದೇ ಅತಿ ಎತ್ತರ. ಅಲ್ಲಿ ಕಂಬದ ಮೇಲೆ ಅಧ್ಯಕ್ಷ ಲಿಂಕನ್ನರ ತಲೆಯ ಶಿಲ್ಪವಿದೆ. ಗಾಳಿ ಆಗಲೇ ಪಿಕಪ್ಪನ್ನು ತಳ್ಳತೊಡಗಿತ್ತು. ಖಾಲಿ ಟ್ರೇಲರೆಂದರೆ ಮೂವತ್ತೆರಡು ಅಡಿ ಉದ್ದದ ಹಾಯಿ. ತೂಕ ಕಡಿಮೆ, ಮೈ ದೊಡ್ಡದು. ಲಾರಮಿಗೆ ಇಳಿಯುವ ಹೊತ್ತಿಗೆ ಫಲಕದಲ್ಲಿ ಅಕ್ಷರ ಮೂಡಿತು: ಹಗುರವೂ ಎತ್ತರವೂ ಆದ ವಾಹನಗಳಿಗೆ ಮುಂದಿನ ರಸ್ತೆ ಬಂದ್. ಲಾರಮಿಯಿಂದ ರಾಲಿನ್ಸ್‌ವರೆಗಿನ ಆ ತುಂಡು ಎಲ್ಕ್ ಪರ್ವತದ ಬುಡದಲ್ಲಿ ಹಾದುಹೋಗುತ್ತದೆ. ಹಳೆಯ ಹೆದ್ದಾರಿ ಬುದ್ಧಿವಂತಿಕೆಯಿಂದ ಉತ್ತರಕ್ಕೆ ಬಳಸಿ ಹೋಗಿತ್ತು. 1970ರಲ್ಲಿ ತೆರೆದ ಹೊಸದು, ಗಾಳಿಯ ಬಾಯಿ ಅದು ಎಂದು ಸ್ಥಳೀಯರು ಹೇಳಿದರೂ ಕೇಳದೆ, ನೇರ ನುಗ್ಗಿತು. ಮೈಲಿ ಉಳಿಯಿತು, ಚಳಿಗಾಲದಲ್ಲಿ ದಿನಗಳು ಹೋಗುತ್ತವೆ.

ಟ್ರಕ್ ನಿಲ್ದಾಣದಲ್ಲಿ ಗಾಳಿಗೆ ಮೂತಿ ಕೊಟ್ಟು ನಿಲ್ಲಿಸಿದೆ. ರಾತ್ರಿಯಿಡೀ ಹಿಂದಿನಿಂದ ಮನೆ ನನ್ನನ್ನು ತೊಟ್ಟಿಲು ತೂಗಿದಂತೆ ತೂಗಿತು. ಹೊರಗೆ ಸೊನ್ನೆಗಿಂತ ಕೆಳಗೆ. ಹದಿನೈದು ಅಡಿ ಹಿಂದೆ ದೊಡ್ಡ ಹಾಸಿಗೆ, ಬಿಸಿಗಾಳಿಯ ಒಲೆ, ಕೃತಕ ಬೆಂಕಿಗೂಡು. ನಾನು ಎರಡು ಸ್ವೆಟರ್ ಹಾಕಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಮಲಗಿದ್ದೆ. ಕೀಲಿ ಜೇಬಿನಲ್ಲಿತ್ತು. ಮೂರು ಗಂಟೆಗೆ ಒಮ್ಮೆ ಅದನ್ನು ಹೊರಗೆ ತೆಗೆದದ್ದೂ ನಿಜ. ಟ್ರೇಲರಿನ ಬಾಗಿಲವರೆಗೆ ಹೋಗಿ, ಸರಪಣಿ ಮುಟ್ಟಿ ನೋಡಿ ಬಂದೆ. ಗಾಳಿಯಲ್ಲಿ ಆ ಬಾಗಿಲು ಕೈತಪ್ಪಿ ಕಿತ್ತು ಹೋದರೆ ಈ ಬಾಡಿಗೆ ಪೂರ್ತಿ ಅದಕ್ಕೇ ಎಂಬ ಲೆಕ್ಕ ನನ್ನನ್ನು ಪ್ರಾಮಾಣಿಕನನ್ನಾಗಿ ಉಳಿಸಿತು.

ಮರುದಿನ ಮಧ್ಯಾಹ್ನ ಒಂದಕ್ಕೆ ರಸ್ತೆ ಬಿಟ್ಟರು. ಮೈಲಿಗಟ್ಟಲೆ ಹಿಮ ತಡೆಯುವ ಮರದ ಬೇಲಿಗಳು, ಕಂದಕದಲ್ಲಿ ಮಗ್ಗುಲಾಗಿದ್ದ ಒಂದು ಲಾರಿ. ಗಂಟೆಗೆ ನಲವತ್ತೈದು ಮೈಲಿಯಲ್ಲಿ, ಸ್ಟೀರಿಂಗ್ ಹಿಡಿದ ಬೆರಳು ಬಿಳಿಚಿಕೊಂಡು, ಕತ್ತಲಿಗೆ ಇವಾನ್‌ಸ್ಟನ್ ಸೇರಿದೆ. ಅಂದು ಮಾತ್ರ ಮೋಟೆಲ್ ಕೋಣೆ ಹಿಡಿದೆ.

ಆಗ್ಡೆನ್‌ನ ಮಾರಾಟಗಾರರ ಅಂಗಳದಲ್ಲಿ ಒಬ್ಬ ಹುಡುಗ ಟಾರ್ಚ್ ಹಿಡಿದು ಮುಕ್ಕಾಲು ತಾಸು ಟ್ರೇಲರ್ ಪರೀಕ್ಷಿಸಿದ. ಕೊಂಡುಕೊಂಡಿದ್ದ ವೃದ್ಧ ದಂಪತಿ ಅಲ್ಲೇ ಕಾಯುತ್ತಿದ್ದರು. ಆಕೆ ನನ್ನ ಕೈಕುಲುಕಿ, "ಇಷ್ಟು ದಿನ ಇದರಲ್ಲೇ ಬಂದಿರಲ್ಲ, ಹಾಸಿಗೆ ಹೇಗಿದೆ?" ಎಂದು ಕೇಳಿದರು. "ಪ್ಲಾಸ್ಟಿಕ್ ಕೂಡ ತೆಗೆದಿಲ್ಲ ಅಮ್ಮಾ" ಎಂದೆ. ಅವರು ಅದನ್ನು ನನ್ನ ಸಭ್ಯತೆ ಎಂದುಕೊಂಡರು.

ಸಹಿ ಬಿತ್ತು. ಮೈಲಿಗೆ ಒಂದು ಡಾಲರ್ ಎಪ್ಪತ್ತೈದು ಸೆಂಟಿನಂತೆ 2,600 ಡಾಲರ್ ಚಿಲ್ಲರೆ. ಎಳೆಯುವಾಗ ಗ್ಯಾಲನ್ನಿಗೆ ಒಂಬತ್ತು ಮೈಲಿ, ಖಾಲಿ ಬರುವಾಗ ಹದಿನಾರು. ಎರಡೂ ಸೇರಿ ಡೀಸೆಲ್ಲಿಗೆ ಒಂಬೈನೂರರ ಮೇಲೆ. ಟೋಲು, ಮೋಟೆಲ್, ಎಂಜಿನ್ ಆಯಿಲ್, ಪಿಕಪ್ಪಿನ ಕಂತು, ತೆರಿಗೆಗೆ ಎತ್ತಿಟ್ಟದ್ದು ಕಳೆದು, ಹೋಗಿಬರುವ ಎಂಟು ದಿನಕ್ಕೆ ಹಂಚಿದೆ. ಹಳೆಯ ಸಂಬಳದ ಪಕ್ಕ ಅದನ್ನು ಇಡದಿರುವುದು ಒಳ್ಳೆಯದು. ರಿಟರ್ನ್ ಲೋಡು ಏನಾದರೂ ಇದೆಯೇ ಎಂದು ಕೇಳಿದೆ. ಇಲ್ಲ ಎಂದರು, ಎಲ್ಕಾರ್ಟ್‌ಗೆ ಯಾರೂ ಟ್ರೇಲರ್ ಕಳಿಸುವುದಿಲ್ಲ.

ಹಗುರಾದ ಪಿಕಪ್ ಕುದುರೆಮರಿಯಂತೆ ಓಡಿತು. ಕಣಿವೆಯ ಕೆಂಪು ಬಂಡೆಗಳ ನಡುವೆ ಐವತ್ತು ಮೈಲಿ ಕಳೆದಾಗ ಕೈ ತಾನಾಗಿ ಇಂಡಿಕೇಟರ್ ಹಾಕಿತು. ರಸ್ತೆ ಪಕ್ಕದ ತಂಗುದಾಣದಲ್ಲಿ ನಿಲ್ಲಿಸಿ, ಸೀಟಿನ ಕೆಳಗಿಂದ ಪಾನಾ ಎಳೆದುಕೊಂಡು ಹಿಂದಕ್ಕೆ ನಡೆದೆ. ಪಿಕಪ್ಪಿನ ಹಿಂದೆ ಬರಿಯ ಗುಂಡು, ಅದರ ಮೇಲೆ ಗ್ರೀಸು. ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಆಮೇಲೆ ಪಾನಾ ಒಳಗಿಟ್ಟು, ಕೊನೆಯ ಎರಡು ರೊಟ್ಟಿಯ ಪೊಟ್ಟಣ ಬಿಚ್ಚಿದೆ.