ಸೆಟ್ಟು ಕೂರಿಸಿದ ಭಾನುವಾರ

ಮಗಳು ಏಳನೇ ಕ್ಲಾಸು. ಶನಿವಾರ ಸಂಜೆ ನೋಟ್‌ಬುಕ್ ತಂದು ಮುಂದೆ ಹಿಡಿದಳು. ಇಂಗ್ಲಿಷಿನ ‘ಸೆಟ್’ ಪದಕ್ಕೆ ಹತ್ತು ಅರ್ಥ ಹುಡುಕಿ, ಒಂದೊಂದಕ್ಕೂ ವಾಕ್ಯ ಮಾಡಿಕೊಂಡು ಬರಬೇಕಂತೆ. "ಹತ್ತೇನು, ಇಪ್ಪತ್ತು ಬರೆಸ್ತೀನಿ ಬಾ" ಅಂತ ಜಂಬ ಕೊಚ್ಚಿಕೊಂಡೆ. ಸೂರ್ಯ ಮುಳುಗೋದು, ಅಲಾರಂ ಇಡೋದು, ಟೆನಿಸ್ ಆಟದ ಸೆಟ್ಟು, ಗಣಿತದ ಗಣ, ಬೆಂಕಿ ಹಚ್ಚೋದು. ಐದಕ್ಕೇ ಬಾಯಿ ಕಟ್ಟಿಹೋಯಿತು.

ಫೋನಿನಲ್ಲಿ ಹುಡುಕಿದರೆ ತಲೆ ತಿರುಗಿತು. 1989ರಲ್ಲಿ ಬಂದ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟ. ಅಷ್ಟರಲ್ಲೂ ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿದ್ದು ಈ ಮೂರಕ್ಷರದ ಪದವೇ. ಅರ್ಥಗಳೇ 430. ಅದನ್ನು ವಿವರಿಸೋಕೆ ಸುಮಾರು 60,000 ಪದ. ಈಚೆಗೆ ‘ರನ್’ ಅನ್ನೋ ಪದ 645 ಅರ್ಥಗಳ ಜೊತೆ ಇದನ್ನು ಹಿಂದೆ ಹಾಕಿದೆಯಂತೆ. ಹತ್ತು ಸಾಕು ಮಾರಾಯ್ತಿ, ಮಲ್ಕೋ ಅಂದೆ.

ಭಾನುವಾರ ಊರಿಗೆ ಹೋಗಲೇಬೇಕಿತ್ತು. ಕೋಲಾರದಿಂದ ಮುಳಬಾಗಿಲು ಕಡೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಅಣ್ಣನ ಬೋರ್‌ವೆಲ್ಲಿನ ಮೋಟರ್ ಸುಟ್ಟು ವಾರ ಆಗಿತ್ತು. ಮೇಲಕ್ಕೆತ್ತಿ, ವೈಂಡಿಂಗ್ ಮಾಡಿಸಿ ಇಟ್ಟಿದ್ದ. ಅವತ್ತು ಇಳಿಸೋದು. ಟೊಮೆಟೊ ಗಿಡ ಹೂ ಬಿಟ್ಟಿದೆ, ನೀರಿಲ್ಲದಿದ್ದರೆ ಉದುರುತ್ತೆ ಅಂತ ಅವನಿಗೆ ನಿದ್ದೆ ಇರಲಿಲ್ಲ. ಮಗಳು ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡಳು.

ದಾರಿಯಲ್ಲಿ ತಿಂಡಿಗೆ ನಿಂತೆವು. ಸಪ್ಲೈಯರ್ ಹುಡುಗ ಒಳಕ್ಕೆ ಕೂಗಿದ: "ಎರಡು ಸೆಟ್ಟು!" ಮಗಳು ನನ್ನ ಮುಖ ನೋಡಿದಳು. "ಬರ್ಕೋ" ಅಂದೆ. ಆರಾಯಿತು.

ತೋಟಕ್ಕೆ ಹೋಗುವಷ್ಟರಲ್ಲಿ ಮೋಟರ್ ಇಳಿಸುವ ಗಾಡಿ ಬಂದು ನಿಂತಿತ್ತು. 1,100 ಅಡಿ ಬೋರು. 20 ಅಡಿಯ ಪೈಪು, ಲೆಕ್ಕ ಹಾಕಿ, 55 ಪೈಪು. ನಮ್ಮ ಕಡೆ ವರ್ಷವಿಡೀ ಹರಿಯೋ ಹೊಳೆ ಅಂತ ಒಂದಿಲ್ಲ, ಎಲ್ಲರದ್ದೂ ಇದೇ ಕಥೆ. ಒಂದು ಪೈಪು ಇಳಿಸಬೇಕು, ಬೋರಿನ ಬಾಯಿಗೆ ಕ್ಲ್ಯಾಂಪ್ ಬಿಗಿಯಬೇಕು, ಮೇಲೆ ಇನ್ನೊಂದು ಪೈಪು ತಿರುಗಿಸಿ ಸೇರಿಸಬೇಕು, ಕೇಬಲ್ ಕಟ್ಟಬೇಕು, ಕ್ಲ್ಯಾಂಪ್ ಬಿಚ್ಚಿ ಮತ್ತೆ ಇಳಿಸಬೇಕು. ಪಾನಾ ಹಿಡಿದವನ ಕೈಯೆಲ್ಲ ಗ್ರೀಸು. ಆ ಕ್ಲ್ಯಾಂಪ್ ಒಂದು ಸಲ ಜಾರಿದರೆ ಮೋಟರು, ಪೈಪು, ಅಣ್ಣನ ಸಾಲ ಎಲ್ಲ ಪಾತಾಳಕ್ಕೆ. ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಮೇಸ್ತ್ರಿ ಮಾತ್ರ ಅರ್ಧ ಕನ್ನಡ ಅರ್ಧ ತೆಲುಗಲ್ಲಿ ಮಾತಾಡುತ್ತಲೇ ಇದ್ದರು. ಅವರ ಬಾಯಲ್ಲಿ ಎಲ್ಲವೂ ಸೆಟ್ಟೇ. ಮೋಟರೂ ಪಂಪೂ ಸೇರಿದರೆ ಸೆಟ್ಟು. ಕರೆಂಟ್ ಆಫೀಸಿನವರಿಗೆ ಅದೇ ಐಪಿ ಸೆಟ್, ಅಂದರೆ ನೀರಾವರಿ ಪಂಪ್‌ಸೆಟ್. ಥ್ರೆಡ್ ಸರಿಯಾಗಿ ಕಚ್ಚಿಕೊಂಡರೆ "ಸೆಟ್ ಆಯ್ತು". ಹೋದ ತಿಂಗಳು ಕೆಲಸ ಬಿಟ್ಟು ಹೋದ ಹುಡುಗ "ನಮ್ಗೆ ಸೆಟ್ ಆಗ್ಲಿಲ್ಲ ಸಾರ್". ಮಗಳು ಇದಕ್ಕೆ ಇಂಗ್ಲಿಷ್ ವಾಕ್ಯ ಹೇಗೆ ಮಾಡೋದು ಅಂದಳು. ಮಾಡೋಕಾಗಲ್ಲ. ಹೆಣ್ಣು ಸೆಟ್ ಆಗಲಿಲ್ಲ, ರೂಂಮೇಟ್ ಸೆಟ್ ಆಗಲಿಲ್ಲ, ಬೆಂಗಳೂರು ಸೆಟ್ ಆಗಲಿಲ್ಲ ಅನ್ನೋದು ನಾವೇ ಕಟ್ಟಿಕೊಂಡ ಮಾತು. ಇಂಗ್ಲಿಷಿನವರು ಪದ ಕೊಟ್ಟರು, ಅರ್ಥ ನಮ್ಮದು.

ಅಷ್ಟರಲ್ಲಿ ಅಮ್ಮ ಮಜ್ಜಿಗೆ ತಂದರು. ಮೊಮ್ಮಗಳು "ಅಜ್ಜಿ, ಮೊಸರು ಗಟ್ಟಿಯಾಗೋದಕ್ಕೂ ಸೆಟ್ ಅಂತಾರೆ" ಅಂದಳು. ಅಮ್ಮ ನಕ್ಕರು. "ಹೆಪ್ಪು ಹಾಕೋದು ಅಂದ್ರೆ ಸಾಲ್ದೇ? ಸೆಟ್ಟು ಅಂದ್ರೆ ನನ್ನ ಹಲ್ಲಿಂದು ಕಣೇ." ಹೋದ ವರ್ಷ ಕಟ್ಟಿಸಿದ ಹಲ್ಲಿನ ಸೆಟ್ಟು, ರಾತ್ರಿ ಲೋಟದ ನೀರಲ್ಲಿ ಮಲಗುತ್ತೆ. ಏಳು, ಎಂಟು.

ರಾತ್ರಿ ಓದಿದ ಇನ್ನೊಂದು ವಿಷಯ ಆಗ ನೆನಪಾಯಿತು. ಈ ‘ಸೆಟ್’ ಅಸಲಿಗೆ ಒಂದು ಪದ ಅಲ್ಲ. ಒಂದು ಹಳೆ ಇಂಗ್ಲಿಷಿನದು, ‘ಸೆಟ್ಟನ್’. ಅಂದರೆ ಕೂರಿಸೋದು. ಇನ್ನೊಂದು ಲ್ಯಾಟಿನ್ನಿನ ‘ಸೆಕ್ಟಾ’ದಿಂದ ಫ್ರೆಂಚ್ ಮೂಲಕ ಬಂದದ್ದು, ಒಬ್ಬರ ಹಿಂದೆ ನಡೆಯುವ ಗುಂಪು. ಎರಡೂ ಸವೆದು ಸವೆದು ಒಂದೇ ಥರ ಕಾಣತೊಡಗಿದವು. ಅಂದರೆ ಅಮ್ಮನ ಹಲ್ಲಿನ ಸೆಟ್ಟು ಲ್ಯಾಟಿನ್ ಕಡೆಯದು, ಮೊಸರಿನ ಸೆಟ್ಟು ಹಳೆ ಇಂಗ್ಲಿಷಿನದು.

ಇದನ್ನು ಅಮ್ಮನಿಗೆ ಹೇಳಿದೆ. ಅರ್ಧ ಕೇಳಿ, "ಕೂರಿಸೋದು ನಮ್ಮಲ್ಲಿ ಇಲ್ವಾ?" ಅಂದರು. ಗಣೇಶನ್ನ ಕೂರಿಸ್ತೀವಿ. ದಸರಾಕ್ಕೆ ಗೊಂಬೆ ಕೂರಿಸ್ತೀವಿ. ಬಾಗಿಲು ಕೂರಿಸ್ತೀವಿ. ಓಲೆಗೆ ಹರಳು ಕೂರಿಸ್ತಾರೆ. ಇಕೋ, ಇವ್ರೂ ಮೋಟರ್ ಕೂರಿಸ್ತಾವ್ರೆ. ಉಂಗುರಕ್ಕೆ ಕಲ್ಲು ಕೂರಿಸೋದಕ್ಕೆ ಇಂಗ್ಲಿಷಿನಲ್ಲಿ ಸೆಟ್ ಅಂತಲೇ ಅನ್ನೋದು. ನಾಲ್ಕನೇ ಕ್ಲಾಸು ಓದಿದ ಅಮ್ಮ ಸೀದಾ ಬೇರಿಗೇ ಕೈ ಹಾಕಿದ್ದರು. ಒಂಬತ್ತನೆಯದಾಗಿ ಓಲೆಯ ಹರಳು ಬರೆಸಿದೆ.

ಮಧ್ಯಾಹ್ನದ ಹೊತ್ತಿಗೆ ಜಗಳ ಶುರುವಾಯಿತು. ಅಣ್ಣ 43 ಪೈಪು ಇಳಿದಿದೆ ಅಂತಾನೆ, ಪಾನಾದ ಹುಡುಗ 42 ಅಂತಾನೆ. ಮೋಟರ್ ಕಟ್ಟಿದ ಮೇಲಿನ ಮೊದಲನೇ ಪೈಪನ್ನು ಲೆಕ್ಕಕ್ಕೆ ತಗೊಂಡ್ರಾ ಇಲ್ವಾ ಅನ್ನೋದೇ ತಕರಾರು. ಮಗಳು ನೋಟ್‌ಬುಕ್ಕಿನ ಕೊನೇ ಪುಟ ತೆರೆದಳು. ಬೆಳಗ್ಗೆಯಿಂದ ಸುಮ್ನೆ ಕೂತು, ಒಂದೊಂದು ಪೈಪಿಗೂ ಒಂದೊಂದು ಗೀಟು ಎಳೆದಿದ್ದಳು. ಐದೈದರ ಕಟ್ಟು. ಎಂಟು ಕಟ್ಟು, ಮೇಲೆ ಮೂರು ಗೀಟು. ಅಣ್ಣ ಗೆದ್ದ. ಮೇಸ್ತ್ರಿ ಆಮೇಲೆ ಅವಳನ್ನು ಕೇಳದೆ ಪೈಪು ಇಳಿಸಲಿಲ್ಲ.

ಮೂರೂವರೆಗೆ ತ್ರೀಫೇಸ್ ಕರೆಂಟ್ ಬಂತು. ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದರು. ಮೊದಲು ಗಾಳಿ, ಆಮೇಲೆ ಕೆಂಪು ರಾಡಿ, ಆಮೇಲೆ ಮೂರು ಬೆರಳು ದಪ್ಪ ನೀರು. ಅಣ್ಣ ಬೊಗಸೆಯಲ್ಲಿ ಹಿಡಿದು ಮುಖಕ್ಕೆ ಹಾಕಿಕೊಂಡ. ಸಾಲಿನ ಕೊನೆಯವರೆಗೆ ಹೋಗಿ ಬಂದು, "ಕಾಯಿ ಸೆಟ್ಟಿಂಗ್ ಪರವಾಗಿಲ್ಲ" ಅಂದ. ಹೂವು ಪಿಂದೆ ಕಚ್ಚೋದಕ್ಕೆ ಗೊಬ್ಬರದಂಗಡಿಯವರು ಕಲಿಸಿದ ಮಾತು.

ಹತ್ತನೆಯದು ಬೇಕಾದರೆ ಅದನ್ನೇ ಬರಿ ಅಂದೆ. ಬೇಡ, ನನ್ನ ಹತ್ರ ಇದೆ ಅಂದಳು. ಏನು ಅಂತ ತೋರಿಸಲಿಲ್ಲ.

ಮಂಗಳವಾರ ನೋಟ್‌ಬುಕ್ ವಾಪಸ್ ಬಂತು. ಒಂಬತ್ತಕ್ಕೆ ರೈಟ್ ಮಾರ್ಕು. ಹತ್ತನೇ ವಾಕ್ಯ, ‘ದೇ ಸೆಟ್ ದ ಸೆಟ್’. ಪಕ್ಕದಲ್ಲಿ ಕೆಂಪು ಶಾಯಿಯ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. "ಅಪ್ಪಾ, ಸರಿಯಾಗೇ ಇದೆ ಅಲ್ವಾ?" ಅಂತ ಕೇಳಿದಳು. ಕೊನೇ ಪುಟ ತಿರುಗಿಸಿದೆ. 55 ಗೀಟೂ ಹಾಗೇ ಇದ್ದವು, ಒಂದರ ಮೇಲೆ ಗ್ರೀಸಿನ ಹೆಬ್ಬೆಟ್ಟು.